ಉಲ್ಕಾಳಿಗೆ ಒಂದು ಧ್ವನಿ ಬೇಕಾಗಿತ್ತು

ಮಹಾಲ್, ನಾಗಪುರ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ಚಾರು ಅಕ್ಕನಿಗೆ,

ನಿನ್ನ ತಂಗಿ ವಸುಧಾಳ ನಮಸ್ಕಾರ. ಹೇಗಿದ್ದೀ? ಕುತ್ತಿಗೆಯ ಹೊಲಿಗೆಯ ಜಾಗದಲ್ಲಿ ಇನ್ನೂ ಎಳೆದಂತಾಗುತ್ತದೆಯೇ? ಥೈರಾಯ್ಡ್ ಆಪರೇಶನ್ ಚೆನ್ನಾಗಿಯೇ ಆಗಿದೆ, ಧ್ವನಿಯೊಂದು ಮಾತ್ರ ಮೊದಲಿನ ಹಾಗೆ ಆಗಲಾರದು, ಆದರೆ ಮಾತಾಡಿದರೆ ಏನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರೆಂದು ವಿಜಯೇಂದ್ರ ಭಾವ ತಿಳಿಸಿದರು. ನೀನು ಪಾಠ ಮಾಡುವುದನ್ನು ಬಿಟ್ಟು, ಕೇಳಿಕೊಂಡು ಶಾಲೆಯ ಗ್ರಂಥಾಲಯಕ್ಕೆ ಹೋಗಿ ಕೂತದ್ದನ್ನೂ ಅವರೇ ಹೇಳಿದರು. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜಿನಲ್ಲಿ ಎರಡು ಸಾಲು ಬರುತ್ತವೆ, ಅದರ ಕೊನೆಗೊಂದು ಹೂವಿನ ಚಿತ್ರ. ಹೂವಿನ ಜೊತೆ ಎಷ್ಟೆಂದು ಮಾತಾಡಲಿ? ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ಮಗ ಮಧ್ವೇಶನ ಜ್ವರ ಪೂರ್ತಿ ಇಳಿದಿದೆ, ಮತ್ತೆ ಶಾಲೆಗೆ ಹೋಗುತ್ತಿದ್ದಾನೆ, ಸಾರಿಗೆ ಉಪ್ಪು ಕಡಿಮೆ ಎಂದು ತಕರಾರು ತೆಗೆಯುವಷ್ಟು ಗಟ್ಟಿಯಾಗಿದ್ದಾನೆ. ಇವರೂ ಆರಾಮಾಗಿದ್ದಾರೆ, ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಇನ್ನು ಸುದ್ದಿ. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಒಂದು ಸ್ಟುಡಿಯೋಕ್ಕೆ ಹೋಗುತ್ತಿದ್ದೇನೆ ಎಂದು ಮೆಸೇಜಿನಲ್ಲಿ ಬರೆದಿದ್ದೆನಲ್ಲ, ಅಲ್ಲಿ ಏನು ಮಾಡುತ್ತೇನೆಂದು ಬರೆದಿರಲಿಲ್ಲ. ಚಿಕ್ಕಂದಿನಲ್ಲಿ ನಾವು ಓದುತ್ತಿದ್ದ ಐವರು ಕಾವಲುಗಾರರ ಹಿಂದಿ ಚಿತ್ರಕಥೆ, ನಮ್ಮ ‘ಪಾಂಚ್ ಪಹರೇದಾರ್’, ಈಗ ಕಾರ್ಟೂನ್ ಆಗುತ್ತಿದೆ ಅಕ್ಕಾ! ಹಿಂದಿ, ಮರಾಠಿಯ ಜೊತೆಗೆ ಕನ್ನಡದಲ್ಲೂ ಬರಲಿದೆ. ಕನ್ನಡದ ಸಂಭಾಷಣೆಯನ್ನು ಪಾತ್ರಗಳ ತುಟಿಗೆ ಹೊಂದುವ ಹಾಗೆ ಕೂಡಿಸಿ ಬರೆಯುವವಳು ನಾನು. ಜೊತೆಗೆ ಅವಳಿಗಳಲ್ಲಿ ಕಿರಿಯಳಾದ ಛಾಂವ್‌ಳ ಧ್ವನಿಯೂ ನನ್ನದೇ. ನಾವು ಬೆಳೆದ ಕೋರಾಡಿಯ ಕಾಲೊನಿಯಲ್ಲಿ ಆಟಕ್ಕೆ ನಿಂತಾಗ ನೀನು ನಾಯಕಿ ಉಲ್ಕಾ ಆಗಿ ನನಗೆ ಯಾವಾಗಲೂ ಛಾಂವ್‌ಳನ್ನೇ ಕೊಡುತ್ತಿದ್ದೆ, ನಾನು ಕಾಲು ನೆಲಕ್ಕೆ ಬಡಿದು ಅಳುತ್ತಿದ್ದೆ. ಈಗ ಅದೇ ಪಾತ್ರವನ್ನು ಕೇಳಿ ಪಡೆದುಕೊಂಡೆ.

ಈ ಕೆಲಸ ನನಗೆ ಸಿಕ್ಕದ್ದು ನಿನ್ನಿಂದ. ಇದು ಬಾಯುಪಚಾರದ ಮಾತಲ್ಲ. ಅಪ್ಪ ಇತವಾರಿ ಪೇಟೆಗೆ ಕಾಳುಕಡಿ ತರಲು ಹೋದಾಗಲೆಲ್ಲ ರದ್ದಿ ಅಂಗಡಿಯಿಂದ ಹಳೆಯ ಸಂಚಿಕೆಗಳನ್ನು ತಂದುಕೊಡುತ್ತಿದ್ದರು. ನನಗೆ ಇನ್ನೂ ಹಿಂದಿ ಓದಲು ಬರುತ್ತಿರಲಿಲ್ಲ. ನೀನು ಹಿಂದಿಯ ಪುಟ ಎದುರಿಗಿಟ್ಟುಕೊಂಡು, ಒಂದು ಕ್ಷಣವೂ ತಡವರಿಸದೆ ಕನ್ನಡದಲ್ಲಿ ಓದುತ್ತಿದ್ದೆ. ಗೆಂಡಾಸಿಂಗ್ ಗೋಡೆ ಒಡೆಯುವಾಗ ನಿನ್ನ ದನಿ ಅಡುಗೆಮನೆಯವರೆಗೆ ಕೇಳಿ ಅಮ್ಮ ಒಳಗಿನಿಂದಲೇ ಗದರುತ್ತಿದ್ದಳು. ಆ ಪುಸ್ತಕಗಳು ಮೂಲದಲ್ಲೇ ಕನ್ನಡದವಲ್ಲ ಎಂದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಸ್ಟುಡಿಯೋದಲ್ಲಿ ಪರೀಕ್ಷೆಗೆಂದು ಒಂದು ದೃಶ್ಯ ಕೊಟ್ಟಾಗ ಉಳಿದವರು ನಿಘಂಟು ಹುಡುಕುತ್ತಿದ್ದರು. ನನಗೆ ನಿನ್ನ ಮಾತುಗಳು ತಾವಾಗಿಯೇ ಬಂದವು. ಕನ್ನಡದ ವಿಭಾಗವನ್ನು ನೋಡಿಕೊಳ್ಳುವ ಗುರುಪ್ರಸಾದ್ ಮೈಸೂರಿನ ಕಡೆಯವರು, ನಾಜೂಕಿನ ಮನುಷ್ಯ. ಪಹರೇದಾರರು ‘ಬರ್ರಿ’ ಅನ್ನುವುದು ಅವರಿಗೆ ಹಿಡಿಸಲಿಲ್ಲ. ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಇಬ್ಬರ ಮಾತೂ ಉಳಿಯುವ ಹಾಗೆ ರಾಜಿ ಮಾಡಿಕೊಂಡೆವು, ಗೆಂಡಾಸಿಂಗ್ ನಮ್ಮ ಕಡೆಯವನಾದ, ಅವನ ಜೊತೆಗಾರ ಪಾರದ ಮೈಸೂರಿನವನಾದ.

ಉಲ್ಕಾಳ ಸಂಗತಿ ನಿನಗೆ ಅರ್ಧ ಮಾತ್ರ ಗೊತ್ತು. ದಳವನ್ನು ಕಟ್ಟಿದವಳು ಅವಳೇ, ಮೊದಲ ನಾಯಕಿಯೂ ಅವಳೇ. ಉಳಿದವರು ಪಾರಾಗಲೆಂದು ಉರಿಯುವ ಸುರಂಗದ ಬಾಗಿಲನ್ನು ಒಳಗಿನಿಂದ ಹಿಡಿದು ನಿಂತವಳು ಹೊರಗೆ ಬರಲೇ ಇಲ್ಲ. ಆ ಸಂಚಿಕೆ ಓದಿದ ದಿನ ನೀನು ಊಟ ಬಿಟ್ಟೆ. ಮರುದಿನದಿಂದ ಪುಸ್ತಕದಲ್ಲಿಲ್ಲದ ಕಥೆಗಳನ್ನು ಕಟ್ಟಿ, ಅವಳನ್ನು ಬದುಕಿಸಿ ನನಗೆ ಹೇಳಿದೆ. ಪುಸ್ತಕದಲ್ಲಿ ಮಾತ್ರ ಪಾರದ ನಾಯಕನಾದ, ಹೊಸ ಹುಡುಗಿಯೊಬ್ಬಳು ಐದನೆಯವಳಾಗಿ ಬಂದಳು, ಬಣ್ಣದ ಉಡುಪುಗಳು ಬಂದವು, ನಗೆಚಾಟಿಕೆ ಹೆಚ್ಚಾಯಿತು. ಅಷ್ಟರಲ್ಲಿ ನಿನ್ನ ಮದುವೆಯಾಗಿ ನೀನು ವಿಜಯಪುರಕ್ಕೆ ಹೋದೆ. ಮುಂದಿನದನ್ನು ನಾನೂ ಓದಿರಲಿಲ್ಲ, ಈಗ ಸ್ಟುಡಿಯೋದಲ್ಲಿ ಸಂಚಿಕೆಗಳನ್ನೆಲ್ಲ ಸಾಲಾಗಿ ಓದಿದೆ. ಎಷ್ಟೋ ವರ್ಷಗಳ ಮೇಲೆ ಬೇರೆ ಲೇಖಕರು ಉಲ್ಕಾಳನ್ನು ಮರಳಿ ತಂದಿದ್ದಾರೆ. ನರೆತ ಕೂದಲು, ಕೈಯಿಂದ ಹೊಮ್ಮುತ್ತಿದ್ದ ಆ ಬೆಳಕು ಈಗಿಲ್ಲ, ಹೊಗೆ ಕುಡಿದು ಗಂಟಲು ಕೆಟ್ಟಿದೆ. ಹೊಸಬರಿಗೆ ಅವಳು ಯಾರೆಂದೇ ತಿಳಿಯದು. ಕತ್ತಲಲ್ಲಿ ದಿಕ್ಕು ತಪ್ಪಿದ ದಳವನ್ನು ಅವಳು ಬರೀ ಮಾತಿನಿಂದಲೇ ನಡೆಸಿಕೊಂಡು ಹೊರಗೆ ತರುತ್ತಾಳೆ. ಕಾರ್ಟೂನು ಮಾಡುವವರು ಎಲ್ಲ ಕಾಲದಿಂದಲೂ ಒಂದಿಷ್ಟು ತೆಗೆದುಕೊಂಡಿದ್ದಾರೆ. ಐವರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ರೀತಿ ನಮ್ಮ ಹಳೆಯ ಸಂಚಿಕೆಗಳದು, ಬಣ್ಣ ಮತ್ತು ತಮಾಷೆ ನಡುಗಾಲದ್ದು, ಕಥೆಯ ಜೀವ ಮಾತ್ರ ಈ ಮುದಿ ಉಲ್ಕಾಳದು. ಹಿಂದಿಯಲ್ಲಿ ಅವಳ ಧ್ವನಿ ಆಗಲೇ ಮುಗಿದಿದೆ. ಕನ್ನಡದಲ್ಲಿ ಯಾರೂ ಸಿಗಲಿಲ್ಲ. ಕನ್ನಡ ಸಂಘದ ನಾಟಕದವರು ಬಂದರು, ಕಾಮಠಿಯಿಂದ ಸೇನೆಯ ಅಧಿಕಾರಿಯೊಬ್ಬರ ಹೆಂಡತಿ ದಮಯಂತಿ ಬಂದರು, ಒಳ್ಳೆಯ ಕಂಠ. ಎಲ್ಲರೂ ಗಂಟಲು ಬಿಗಿದು, ಕೆಮ್ಮಿ, ನರಳಿ ಹೇಳಿದರು. ನಾನೂ ಹೇಳಿ ನೋಡಿದೆ. ಗುರುಪ್ರಸಾದ್ ತಲೆ ಅಲ್ಲಾಡಿಸುತ್ತಲೇ ಇದ್ದರು.

ಮಧ್ವೇಶನಿಗೆ ಜ್ವರ ಏರಿದ ವಾರ ನೀನು ನನಗೆ ಫೋನ್ ಮಾಡಿದೆ, ನೆನಪಿದೆಯೇ? ಆಪರೇಶನ್ ಆದಮೇಲೆ ನೀನಾಗಿ ಮಾಡಿದ ಫೋನ್ ಅದೊಂದೇ. ಆಗ ನಾನು ಸ್ಟುಡಿಯೋದಲ್ಲಿದ್ದೆ. ಒಂದು ತುಣುಕು ಕೇಳಿಸಲೆಂದು ನನ್ನ ಫೋನನ್ನು ಅಲ್ಲಿಯ ದೊಡ್ಡ ಸ್ಪೀಕರಿಗೆ ಜೋಡಿಸಿದ್ದೆವು. ಗಾಬರಿಯಲ್ಲಿ ಹಾಗೇ ಎತ್ತಿಬಿಟ್ಟೆ. ನಿನ್ನ ಮಾತು ಕೋಣೆಯ ತುಂಬ ಕೇಳಿತು.

“ವಸೂ, ಮಗಾ ಹ್ಯಾಂಗಿದ್ದಾನ? ಜ್ವರಾ ಇಳೀತೇನು? ನನ್ನ ದನಿ ಕೇಳಬ್ಯಾಡ, ಬರೇ ಸುದ್ದಿ ಹೇಳು.”

ನಾನು ಫೋನನ್ನು ಬಿಡಿಸಿಕೊಂಡು ಹೊರಗೆ ಓಡಿ ಬಂದು ನಿನಗೆ ಉತ್ತರ ಕೊಟ್ಟೆ. ತಿರುಗಿ ಒಳಗೆ ಹೋದಾಗ ಗುರುಪ್ರಸಾದ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತಿದ್ದರು. ಮಗು ಹೇಗಿದ್ದಾನೆಂದು ಮೊದಲು ಕೇಳಿದರು. ಆಮೇಲೆ, ಯಾರ ಧ್ವನಿ ಅದು ಎಂದರು. ನಮ್ಮಕ್ಕನದು ಎಂದೆ. ಉಲ್ಕಾ ಸಿಕ್ಕಳು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಕ್ಕ ತುಂಬಿದ ತರಗತಿಗೆ ಮೈಕಿಲ್ಲದೆ ಪಾಠ ಹೇಳುತ್ತಿದ್ದವಳು, ಅವಳ ಸಂಕಟ ನಿಮ್ಮ ಕಾರ್ಟೂನಿನ ಸಾಮಾನಲ್ಲ ಎಂದು ಚೀಲ ಎತ್ತಿಕೊಂಡೆ. ಅವರು ಎದ್ದು ಬಾಗಿಲವರೆಗೆ ಬಂದರು.

“ಬಂದವರೆಲ್ಲ ಮುರಿದ ಧ್ವನಿಯನ್ನ ನಟಿಸಿದ್ರು, ಮೇಡಂ,” ಎಂದರು. “ನಿಮ್ಮಕ್ಕ ನಟಿಸಲಿಲ್ಲ. ಮಗು ಹೇಗಿದೆ ಅಂತ ಕೇಳಿದ್ರು, ಅಷ್ಟೆ. ಅವರ ಗಂಟಲು ನನಗೆ ಕೇಳಿಸಲೇ ಇಲ್ಲ, ಅವರ ಕಾಳಜಿ ಕೇಳಿಸ್ತು. ಉಲ್ಕಾನೂ ಹಾಗೇ ಅಲ್ವಾ?”

ನಾನು ಮನೆಗೆ ಬಂದುಬಿಟ್ಟೆ. ಮಧ್ವೇಶ ಹಾಸಿಗೆಯಲ್ಲಿ ಎದ್ದು ಕೂತಿದ್ದ. ನೀನು ಅವನನ್ನು ವಿಚಾರಿಸಿದ್ದನ್ನು ಹೇಳಿ, ದೊಡ್ಡಮ್ಮನ ಧ್ವನಿ ಕೇಳಿದರೆ ಏನನ್ನಿಸುತ್ತದೆ ಎಂದು ಅವನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ದೊಡ್ಡಮ್ಮ ಅದಾಳ ಅನ್ನಸ್ತದ. ಮತ್ತೇನು?” ಎಂದ. ನಾನು ಒಲೆಯ ಮುಂದೆ ಹೋಗಿ ನಿಂತು ಬಹಳ ಅತ್ತೆ ಅಕ್ಕಾ. ನೀನು ಮೌನವಾದಂದಿನಿಂದ ನಿನ್ನ ಧ್ವನಿ ಹೋಯಿತೆಂದು ನಾವು ದೊಡ್ಡವರೆಲ್ಲ ಮರುಗುತ್ತಲೇ ಇದ್ದೆವು, ನಿನ್ನೆದುರಿಗೆ ಆ ಮಾತನ್ನೇ ತೆಗೆಯದೆ ಹುಷಾರಾಗಿ ನಡೆದುಕೊಂಡೆವು. ಧ್ವನಿ ಹೋಗಿರಲಿಲ್ಲ, ಬದಲಾಗಿತ್ತು. ಅದು ಆ ಹುಡುಗನಿಗೆ ಗೊತ್ತಿತ್ತು. ಮರುದಿನ ಸ್ಟುಡಿಯೋಕ್ಕೆ ಹೋಗಿ, ಅಕ್ಕನಿಗೆ ಬರೆಯುತ್ತೇನೆ, ಒಪ್ಪುವುದು ಬಿಡುವುದು ಅವಳಿಗೆ ಬಿಟ್ಟದ್ದು ಎಂದೆ. ಅಲ್ಲಿಯವರೆಗೆ ಆ ಪಾತ್ರವನ್ನು ಯಾರಿಗೂ ಕೊಡುವುದಿಲ್ಲ ಎಂದು ಗುರುಪ್ರಸಾದ್ ಒಪ್ಪಿಕೊಂಡರು.

ನಿನಗೆ ಕೃತಜ್ಞತೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಮನೆಯವರಿಗೆ ಯಾರಾದರೂ ಹಾಗೆ ಬರೆಯುತ್ತಾರೆಯೇ? ಆದರೂ ಬರೆಯುತ್ತೇನೆ. ಮಹಾಲಿನ ಈ ಗಲ್ಲಿಯಲ್ಲಿ ದಿನವಿಡೀ ಮರಾಠಿ ಹಿಂದಿಯಲ್ಲೇ ಬದುಕುವ ನನ್ನೊಳಗೆ ಇಷ್ಟೊಂದು ಕನ್ನಡ ಉಳಿದದ್ದು ನಿನ್ನಿಂದ. ಮಧ್ವೇಶ ಕನ್ನಡದ ಅಕ್ಷರ ಓದಲು ಇನ್ನೂ ತಡವರಿಸುತ್ತಾನೆ, ಆದರೆ ನಾನು ಬರೆದ ಸಂಭಾಷಣೆಯನ್ನು ಕೇಳಿ ನಗಬೇಕಾದಲ್ಲೇ ನಗುತ್ತಾನೆ. ಆ ನಗುವೂ ನಿನ್ನದೇ.

ಭಾವನಿಗೆ ನಮಸ್ಕಾರ. ಮೃದುಲಾಳಿಗೆ ಚಿಕ್ಕಮ್ಮನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ. ಗಂಟಲಿಗೆ ತಣ್ಣಗಿನದೇನೂ ಕುಡಿಯಬೇಡ. ಹಾಲಿಗೆ ಚಿಟಿಕೆ ಅರಿಶಿನ ಹಾಕಿಕೊ, ಬೇಸರವಾದರೂ ಕುಡಿ.

ನಿನ್ನ ಪ್ರೀತಿಯ ತಂಗಿ,
ವಸುಧಾ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಯವರು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನವರಾತ್ರಿ ಮುಗಿದ ಮೇಲೆ ರೆಕಾರ್ಡಿಂಗ್. ನೀನು ಹೂಂ ಎಂದರೆ ಇವರೇ ಬಂದು ಕರೆದುಕೊಂಡು ಬರುತ್ತಾರೆ. ಬೇಡ ಎಂದರೂ ನನಗೆ ಬೇಸರವಿಲ್ಲ, ಉಲ್ಕಾಳಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಾರೆ. ನನಗೆ ಬೇರೆ ಅಕ್ಕನಿಲ್ಲ. ಅದಕ್ಕೇ ಇದೊಂದು ಕೇಳುತ್ತೇನೆ: ಬೇಡ ಅನ್ನುವುದಾದರೂ ಮೆಸೇಜಿನಲ್ಲಿ ಬರೆಯಬೇಡ. ಫೋನ್ ಮಾಡಿ ಬಾಯಿಂದಲೇ ಹೇಳು.