ಗೋಡೌನ್ ದಾಟಿ ಬಂದ ಸಿಗ್ನಲ್

ರಾಣೆಬೆನ್ನೂರು
೮ ಫೆಬ್ರುವರಿ ೨೦೦೯

ಪ್ರೀತಿಯ ಅಕ್ಕನಿಗೆ,

ಉಮಾಶ್ರೀ ಮಾಡುವ ಶರಣು. ನಿಮಗೊಂದು, ನಿಮ್ಮ ಮಗಳು ರಕ್ಷಾಗೊಂದು, ಭಾವನಿಗೆ ದೂರದಿಂದಲೇ ಎರಡು. ನಾನೂ ಮಗುವೂ ಚೆನ್ನಾಗಿದ್ದೇವೆ. ಈಗ ಅವಳು ನಮ್ಮವ್ವನ ಕಾಲ ಮೇಲೆ ಮಲಗಿ, ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ಬಾಯಿ ಅಗಲ ಮಾಡಿ ಅಳುತ್ತಿದ್ದಾಳೆ. ಸದ್ದು ನನಗೆ ಕೇಳುವುದಿಲ್ಲ. ಆದರೆ ಅವ್ವ ಮುಖ ಹಿಂಡಿಕೊಂಡಿರುವುದನ್ನು ನೋಡಿದರೆ ಗಂಟಲು ನಿಮ್ಮ ಮನೆತನದ್ದೇ ಇರಬೇಕು.

ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದು ಎಂದು ಅವ್ವ ಬೈಯುತ್ತಾಳೆ. ಬೈದದ್ದು ಕೇಳಿಸಬೇಕಲ್ಲ, ನಾನು ಅತ್ತ ತಿರುಗಿ ಬರೆಯುತ್ತಿದ್ದೇನೆ. ಹತ್ತು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋದ ಮೇಲೆ ಫೋನು ನನ್ನ ಪಾಲಿಗೆ ಮೆಸೇಜ್ ಕಳಿಸುವ ಡಬ್ಬಿ ಅಷ್ಟೆ. ನೀವು ಫೋನಿನಲ್ಲಿ ಹೇಳಿದ್ದನ್ನು ಅವ್ವ ನನಗೆ ಮುಟ್ಟಿಸುವಷ್ಟರಲ್ಲಿ ಅರ್ಧವನ್ನು ತಾನೇ ನುಂಗಿರುತ್ತಾಳೆ. ನನಗೆ ಹೇಳಬೇಕಾಗಿರುವುದು ಮೆಸೇಜಿನಲ್ಲಿ ಹಿಡಿಸುವುದಿಲ್ಲ. ಇದರಲ್ಲಿ ನಿಮಗೆ ಗೊತ್ತಿರುವ ಸಂಗತಿಗಳೇ ಹೆಚ್ಚು. ಆದರೂ ಓದಿ, ಮೇಲಿನ ಕೋಣೆಯಿಂದ ಅವು ಹೇಗೆ ಕಂಡವು ಎಂಬುದು ನಿಮಗೆ ಗೊತ್ತಿಲ್ಲ.

ನಮ್ಮ ವಿಜಯನಗರದ ಮನೆಯಷ್ಟು ವಿಚಿತ್ರವಾದ ಮನೆ ಇನ್ನೊಂದು ಇರಲಾರದು. ಕೆಳಗೆ ನೀವು. ನಡುವಿನ ಮಹಡಿಯಲ್ಲಿ ಭಾವನ ಪಾತ್ರೆ ಅಂಗಡಿಯ ಗೋಡೌನ್. ಅದರ ಮೇಲೆ ತಾರಸಿಯ ಎರಡು ಕೋಣೆಗಳಲ್ಲಿ ನಾವು. ಅಣ್ಣತಮ್ಮಂದಿರ ನಡುವೆ ಸಾವಿರಾರು ಸ್ಟೀಲ್ ಪಾತ್ರೆಗಳು. ನನ್ನ ಮದುವೆಯ ಮಾತುಕತೆಯ ದಿನ ಶುರುವಾದ ಅವರ ಜಗಳ ಮದುವೆಯಾಗಿ ಎರಡು ವರ್ಷವಾದರೂ ಮುಗಿದಿರಲಿಲ್ಲ. ಕಾರಣವನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾವು ಮೇಲೆ ಸಂಸಾರ ಹೂಡಿದ ದಿನ ಭಾವ ನಿಮಗೆ ಹಾಕಿದ ಆಣೆಯನ್ನು ಮಾತ್ರ ಇವರು ನನಗೆ ಬರೆದು ತೋರಿಸಿದ್ದರು: "ಗೋಡೌನ್ ದಾಟಿ ಮೇಲಿನ ಮೆಟ್ಟಿಲು ತುಳಿದ್ರೆ ನನ್ನಾಣೆ ಕಣೇ ಶಿವಕ್ಕ." ಗಂಡನ ಆಯಸ್ಸಿನ ಮೇಲಿನ ಆಣೆ. ನೀವು ತುಳಿಯಲಿಲ್ಲ. ಗೋಡೌನ್ ಬಾಗಿಲ ತನಕ ಬಂದು, ಅಲ್ಲಿಂದ ತಲೆಯೆತ್ತಿ, ಕೈಯಲ್ಲಿ "ಊಟ ಆಯ್ತಾ" ಎಂದು ಕೇಳಿ ಇಳಿದು ಹೋಗುತ್ತಿದ್ದಿರಿ.

ಮೊದಲ ಸಲ ಹೊಟ್ಟೆಯಲ್ಲಿದ್ದ ಮಗು ಹೋದದ್ದೂ ಹೀಗೆ ಯಾರೂ ಮೇಲೆ ಬರಲಾಗದೆಯೇ ಅಲ್ಲವೇ ಅಕ್ಕ? ಇವರು ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದರು. ಮೆಸೇಜ್ ನೋಡಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಕೂಗಿದ್ದೆ, ಆದರೆ ಕೂಗು ಎಷ್ಟು ದೂರ ಹೋಯಿತೆಂದು ನನಗೇ ಗೊತ್ತಾಗಲಿಲ್ಲ. ಅದಕ್ಕೇ ಎರಡನೆಯ ಬಾರಿ ಡಾಕ್ಟರಮ್ಮ "ಹಾಸಿಗೆ ಬಿಟ್ಟು ಏಳಕೂಡದು, ಒಬ್ಬಳನ್ನೇ ಬಿಡಕೂಡದು" ಎಂದಾಗ ನಾನು ಇವರ ಮುಖ ನೋಡಿದೆ, ಇವರು ಗೋಡೆ ನೋಡಿದರು. ಬೆಳಗ್ಗೆ ಮುನಿತಾಯಮ್ಮ ಬಂದು, ನೀವು ಕೊಟ್ಟ ರೊಟ್ಟಿ ಪಲ್ಯ ಇಟ್ಟು, ಕಸ ಗುಡಿಸಿ ಬೇರೆ ಮನೆ ಕೆಲಸಕ್ಕೆ ಹೋಗುತ್ತಿದ್ದಳು. ಇವರು ಬರುವ ತನಕ ಹಗಲಿಡೀ ನಾನು ಮತ್ತು ಫ್ಯಾನು. ತವರಿಗೆ ಹೋಗೋಣವೆಂದರೆ ಪ್ರಯಾಣ ಮಾಡುವಂತಿರಲಿಲ್ಲ. ಈ ಮಗುವೂ ಹೋದರೆ ನಾನು ಉಳಿಯುವುದಿಲ್ಲ ಎಂದು ಅನ್ನಿಸುತ್ತಿತ್ತು. ಇದನ್ನು ಇವರಿಗೂ ಹೇಳಿರಲಿಲ್ಲ.

ಆಗ ರಕ್ಷಾಳ ಮೊಬೈಲಿನಿಂದ ನಿಮ್ಮ ಮೆಸೇಜ್ ಬಂತು. ಇಂಗ್ಲಿಷ್ ಅಕ್ಷರದ ಕನ್ನಡ, ಬಿಡಿಸಿ ಓದಲು ಸ್ವಲ್ಪ ಹೊತ್ತು ಬೇಕಾಯಿತು. "ಆಣೆ ಹಾಕಿರೋದು ಕಾಲಿಗೆ ಕಣೇ, ಮುಖಕ್ಕಲ್ಲ. ನಮ್ಮ ಕಂಪ್ಯೂಟರ್‌ನಲ್ಲಿ ನಿನ್ನ ಮುಖ ಬರೋ ಹಾಗೆ ಮಾಡು." ಅಕ್ಕಾ, ವಕೀಲರ ಮನೆಯಲ್ಲಿ ಹುಟ್ಟಬೇಕಾಗಿದ್ದವರು ನೀವು!

ರಕ್ಷಾಳ ಕಾಲೇಜಿಗೆಂದು ಹಾಕಿಸಿದ ಬ್ರಾಡ್‌ಬ್ಯಾಂಡ್ ಕೆಳಗಿತ್ತು. ಹೊರಗೋಡೆಯ ಮೇಲೆ ತಂತಿ ಎಳೆದರೆ ಭಾವನ ಕಣ್ಣಿಗೆ ಬೀಳುತ್ತದೆ. ಉಳಿದದ್ದು ವೈಫೈ. ಅದೇನೋ ಗಾಳಿಯಲ್ಲಿ ಬರುತ್ತದೆ, ಆದರೆ ಆ ಗೋಡೌನ್ ದಾಟಿ ಬರಬೇಕಲ್ಲ! ಕೆಳಗಿನ ರೂಟರ್ ಸಿಗ್ನಲ್ ನಿಮ್ಮ ಪಾತ್ರೆಗಳಿಗೆ ಬಡಿದು ಅಲ್ಲೇ ಸಾಯುತ್ತಿತ್ತು. ನಡುವೆ ಒಂದು, ಮೇಲೆ ಒಂದು ರೂಟರ್ ಡಬ್ಬ ಇಟ್ಟು, ಒಂದರಿಂದ ಇನ್ನೊಂದು ಇಸಿದುಕೊಂಡು ಮುಂದೆ ದಾಟಿಸುವ ಹಾಗೆ ಮಾಡಬೇಕಿತ್ತು. "ಅತ್ತಿಗೆ ಕೊಟ್ರೆ ತಗೋತೀನಿ, ಅಣ್ಣ ಕೊಟ್ರೆ ಮಾತ್ರ ಬೇಡ" ಎಂದು ಬಿಗಿದುಕೊಂಡೇ ಇವರು ಎಸ್.ಪಿ. ರೋಡಿಗೆ ಹೋಗಿ ಎರಡು ಡಬ್ಬ ತಂದರು. ಒಂದೊಂದು ಒಂದೊಂದು ಕಂಪನಿಯದು. ಅಂಗಡಿಯವನು "ಎಲ್ಲಾ ಒಂದೇ ಸಾರ್, ಯಾವ್ದಕ್ ಬೇಕಾದ್ರೂ ಸೇರ್ಕೊಳ್ತದೆ" ಎಂದನಂತೆ.

ಸೇರಿಕೊಳ್ಳಲಿಲ್ಲ. ಮೂರರಲ್ಲೂ ದೀಪ ಮಿಣಮಿಣ ಎನ್ನುತ್ತಿತ್ತು, ಒಂದಕ್ಕೊಂದು ಮಾತಿಲ್ಲ. ಒಂದೇ ಮನೆಯಲ್ಲಿದ್ದೂ ಮುಖ ತಿರುಗಿಸಿಕೊಂಡಿದ್ದವು. ಇಂಥದ್ದನ್ನು ನಾವು ಬೇರೆಲ್ಲೂ ನೋಡಿರಲಿಲ್ಲವೇ! ಮಲಗಿದಲ್ಲೇ ಇದ್ದ ನನಗೆ ಓದುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಡಬ್ಬದ ಜೊತೆ ಬಂದ ಪುಸ್ತಕವನ್ನು ಓದಿ ಓದಿ, ಹೀಗೆ ದಾಟಿಸುವ ಕೆಲಸ ಒಂದೇ ಕಂಪನಿಯ ಒಂದೇ ಮಾದರಿಯ ಡಬ್ಬಗಳ ನಡುವೆ ಮಾತ್ರ ಸರಿಯಾಗಿ ನಡೆಯುತ್ತದೆ ಎಂದು ಕೊನೆಗೆ ಪತ್ತೆ ಹಚ್ಚಿದೆ. ಇವರು ಮತ್ತೆ ಎಸ್.ಪಿ. ರೋಡಿಗೆ ಹೋಗಿ, ಜಗಳವಾಡಿ, ನಿಮ್ಮ ಕೆಳಗಿನ ರೂಟರಿನದೇ ಜಾತಿಯ ಎರಡನ್ನು ಬದಲಾಯಿಸಿ ತಂದರು.

ಆಮೇಲೆ ಪಾಸ್‌ವರ್ಡ್ ರಗಳೆ. ಮೂರಕ್ಕೂ ಒಂದೇ ಇರಬೇಕು, "ಶರಣಾರ್ಥಿ" ಅಂತಲೇ ಇರಲಿ ಎಂದಿರಿ. ಕೆಳಗೆ ರಕ್ಷಾ ಅದನ್ನು ಎಚ್ ಹಾಕಿ ಬರೆದಳು, ಮೇಲೆ ಇವರು ಎಚ್ ಇಲ್ಲದೆ ಬರೆದರು. ಒಂದು ಇಡೀ ಭಾನುವಾರ ಆ ಎಚ್‌ಗೆ ಬಲಿಯಾಯಿತು. ಸರಿಹೋದ ಮೇಲೆ ತರಕಾರಿ ಎತ್ತುವ ಹಗ್ಗದ ಚೀಲದಲ್ಲಿ ನಡುವಿನ ಡಬ್ಬವನ್ನು ಇವರು ಇಳಿಬಿಟ್ಟರು, ನೀವು ಗೋಡೌನಿನ ಕಿಟಕಿಯಲ್ಲಿ ಕೈ ಚಾಚಿ ಹಿಡಿದುಕೊಂಡಿರಿ. ಅಲ್ಲಿಯೇ ಕಿಟಕಿ ಕಟ್ಟೆಯ ಮೇಲೆ ಇಟ್ಟಿರಿ. ಸಂಜೆ ನನ್ನ ಲ್ಯಾಪ್‌ಟಾಪಿನ ಮೇಲೆ ನಿಮ್ಮ ಮುಖ ಬಂತು. ಮೂಗುತಿ ಎಷ್ಟು ಹತ್ತಿರ ಹಿಡಿದಿದ್ದಿರೆಂದರೆ ಮೊದಲು ಕಂಡದ್ದು ಅದೊಂದೇ. ಎರಡು ಮಹಡಿ ಕೆಳಗಿನ ಮುಖ ಯಾವ್ಯಾವ ದೇಶ ಸುತ್ತಿ ನನ್ನ ಹತ್ತಿರ ಬಂತೋ, ನಾನಂತೂ ಅತ್ತುಬಿಟ್ಟೆ. ನೀವು ಅಲ್ಲಿಂದ ಬೈದಿರಿ. ಚಿತ್ರ ತಡವರಿಸುತ್ತಿದ್ದರಿಂದ ತುಟಿ ಓದಲು ಆಗಲಿಲ್ಲ, ಬೈಗುಳವೆಂದು ಮಾತ್ರ ತಿಳಿಯಿತು. ಮಾರನೆಯ ದಿನದಿಂದ ನೀವು ರಕ್ಷಾಳ ಹಳೆಯ ಸ್ಲೇಟು ಹಿಡಿದು ಕೂತಿರಿ.

ಅದೂ ಎರಡು ದಿನ ಅಷ್ಟೆ. ಮೂರನೆಯ ದಿನ ಮುಖ ಮಾಯ. ಡಬ್ಬ ಸುಟ್ಟುಹೋಯಿತು, ಎಲ್ಲ ಮುಗಿಯಿತು ಎಂದು ನಾನು ಎದೆ ಹಿಡಿದುಕೊಂಡು ಮಲಗಿದ್ದೆ. ನೀವೇ ಮೆಸೇಜ್ ಮಾಡಿ ಸಮಾಧಾನ ಹೇಳಿದಿರಿ: "ಡಬ್ಬಕ್ಕೆ ಏನೂ ಆಗಿಲ್ಲ ಕಣೇ, ಮಳೆ ಎರಚಲು ಬೀಳದ ಹಾಗೆ ಹೊಸ ಬೋಗುಣಿ ಕವುಚಿ ಇಟ್ಟಿದೀನಿ." ಸ್ಟೀಲ್ ಬೋಗುಣಿ! ಅದೂ ದಪ್ಪ ತಳದ್ದು, ಅಂಗಡಿಯಲ್ಲಿರುವುದರಲ್ಲೇ ಒಳ್ಳೆಯದು. ನಗು ಬಂದರೂ ಡಾಕ್ಟರಮ್ಮನಿಗೆ ಹೆದರಿ ನಗಲಿಲ್ಲ. ಬೋಗುಣಿ ಹೋಗಿ ಪ್ಲಾಸ್ಟಿಕ್ಕಿನ ಜರಡಿ ಬಂದ ಮೇಲೆ ನಿಮ್ಮ ಮುಖವೂ ಬಂತು. ಆಯುಧ ಪೂಜೆಯ ದಿನ ಆ ಡಬ್ಬಕ್ಕೂ ವಿಭೂತಿ ಬಳಿದು ಹೂವಿಟ್ಟಿರಂತೆ, ಆದರೆ ಪೂಜೆಗಿಟ್ಟ ಆಯುಧ ಆ ದಿನ ಮುಟ್ಟಬಾರದೆಂಬ ನಿಮ್ಮ ನಿಯಮವನ್ನು ಇದೊಂದಕ್ಕೆ ಮಾತ್ರ ಬಿಟ್ಟಿರಿ. ನನಗೋಸ್ಕರ ನೀವು ದೇವರ ಹತ್ತಿರವೂ ಚೌಕಾಶಿ ಮಾಡಿದವರು.

ಹೀಗೆ ತಿಂಗಳುಗಳು ಹೋದವು. ನೀವು ಸೊಪ್ಪು ಬಿಡಿಸುತ್ತಿದ್ದಿರಿ, ಅಕ್ಕಿ ಆರಿಸುತ್ತಿದ್ದಿರಿ, ಕುರ್ಚಿಯಲ್ಲೇ ತೂಕಡಿಸುತ್ತಿದ್ದಿರಿ. ನಾನು ನೋಡುತ್ತ ಮಲಗಿರುತ್ತಿದ್ದೆ. ನನಗೆ ಏನಾದರೂ ಆದರೆ ಎರಡೂ ಕೈ ಎತ್ತಬೇಕು ಎಂದು ಮಾತಾಗಿತ್ತು. ಒಬ್ಬಳೇ ಇದ್ದೇನೆ ಎಂಬ ಹೆದರಿಕೆ ಹೋಯಿತು, ನಿದ್ದೆ ಬಂತು, ಊಟ ಸೇರಿತು. ಮಗು ಬೆಳೆದದ್ದು ಆ ನಿದ್ದೆಯಲ್ಲಿ ಎಂದೇ ನಾನು ನಂಬಿದ್ದೇನೆ.

ಡಿಸೆಂಬರಿನ ಆ ಮಧ್ಯಾಹ್ನವನ್ನು ನೀವು ಎಲ್ಲರಿಗೂ ಹೇಳುವ ಹಾಗೆಯೇ ಬರೆಯುತ್ತೇನೆ. ಎಂಟನೆಯ ತಿಂಗಳು. ನನಗೆ ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತು. ಮೊಬೈಲ್ ಕೈಜಾರಿ ಮಂಚದಡಿ ಬಿತ್ತು. ನಾನು ಕ್ಯಾಮೆರಾದ ಕಡೆಗೆ ಎರಡೂ ಕೈ ಎತ್ತಿದೆ. ನೀವು ಒಲೆಯ ಮುಂದಿನಿಂದ ಅದನ್ನು ನೋಡಿದಿರಂತೆ. ಊಟಕ್ಕೆ ಬಂದಿದ್ದ ಭಾವನಿಗೆ "ಆಣೆ ಹಾಕಿದ್ದು ನನ್ ಕಾಲಿಗೆ ಕಣ್ರೀ, ನಿಮ್ ಕಾಲಿಗಲ್ಲ. ಹೋಗಿ, ಓಡಿ!" ಎಂದು ಗದರಿದಿರಂತೆ. ಈ ಮಾತನ್ನು ಹೇಳುವಾಗ ನಿಮ್ಮ ಮುಖದ ಗತ್ತನ್ನು ಇವರು ನನಗೆ ನಟಿಸಿ ತೋರಿಸಿದರು.

ಆಮೇಲಿನದು ನನ್ನದೇ ಕಣ್ಣಿನದು. ಬಾಗಿಲು ತೆರೆಯಿತು. ಭಾವ ಬರಿಗಾಲಿನಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು, ಕೈಯಲ್ಲಿ ಇನ್ನೂ ಅನ್ನ ಅಂಟಿತ್ತು. ಹಿಂದೆ ಗೋಡೌನಿನ ಮರೆಪ್ಪ. ಇಬ್ಬರೂ ಸೇರಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಪಾತ್ರೆ ಸಾಗಿಸುವ ಗಾಡಿಯಲ್ಲೇ ಮಲಗಿಸಿದರು. ಮಾಗಡಿ ರಸ್ತೆಯ ಹೊಂಡಗಳಲ್ಲಿ ಕೊಳಗಗಳು ನನ್ನ ಮೇಲೆ ಉರುಳದಂತೆ ಭಾವ ಕೈ ಅಡ್ಡ ಹಿಡಿದು ಕೂತಿದ್ದರು. ನಾನು ಕಣ್ಣು ಮುಚ್ಚಿದಾಗಲೆಲ್ಲ ಕೆನ್ನೆ ತಟ್ಟಿ, ನನ್ನ ಎದುರಿಗೇ ಮುಖ ತಂದು, ತುಟಿಗಳನ್ನು ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು: "ನನ್ ಮುಖ ನೋಡವ್ವ. ಏನೂ ಆಗಲ್ಲ. ಮಗು ಉಳ್ಕೊಳ್ತದೆ." ಉಳಿಯಿತು. ಇನ್ನೊಂದರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಬರೆದೇ ತೋರಿಸಿದರು.

ಪೀಣ್ಯದಿಂದ ಇವರು ಬಂದಾಗ ಅಣ್ಣತಮ್ಮಂದಿರು ವಾರ್ಡಿನ ಬಾಗಿಲಲ್ಲಿ ಎದುರಾದರು. ಅಪ್ಪಿಕೊಂಡು ಅಳುತ್ತಾರೆ ಎಂದುಕೊಂಡಿದ್ದೆ. ಭಾವ "ಊಟ ಮಾಡ್ಕಂಡ್ ಬಂದ್ಯಾ?" ಎಂದರು. ಇವರು ಇಲ್ಲ ಎಂದರು. ಇಬ್ಬರೂ ಇಡ್ಲಿ ತಿನ್ನಲು ಹೋದರು. ಅಷ್ಟಕ್ಕೆ ಎರಡು ವರ್ಷದ ಜಗಳ ಮುಗಿಯಿತು. ಗಂಡಸರ ಕೆಲಸವೇ ಹೀಗೆ.

ಅಕ್ಕ, ಆ ಮೂರು ಡಬ್ಬಗಳಲ್ಲಿ ಯಾವುದನ್ನೂ ತೆಗೆಯಬೇಡಿ. ಆಣೆ ಹೋಯಿತು, ನೀವೀಗ ಮೇಲೆ ಬಂದು ನಮ್ಮ ಮನೆಗೆ ನೀರು ಹಾಕಿ ಸಾರಿಸಿದ್ದೀರಿ ಎಂದು ಇವರು ಹೇಳಿದರು. ಆದರೂ ಇರಲಿ. ಮಗುವಿನ ಜೊತೆ ಬರುವಾಗ ನಿಮ್ಮ ಕೈಗೆ ಅವಳನ್ನು ಕೊಟ್ಟು, ನಾನು ಕಾಲಿಗೆ ಬೀಳುತ್ತೇನೆ. ಬೇಡ ಎಂದರೂ ಕೇಳುವುದಿಲ್ಲ. ಅಕ್ಕ ತಂಗಿಯರಿಲ್ಲದೆ ಬೆಳೆದವಳು ನಾನು. ಓರಗಿತ್ತಿ ಎಂದರೆ ಹೊಟ್ಟೆಕಿಚ್ಚಿನ ಸಂಬಂಧ ಎಂದು ಹೆದರಿಸಿ ಕಳಿಸಿದ್ದರು. ನನಗೆ ನೀವು ಸಿಕ್ಕಿರಿ.

ನಿಮ್ಮ ತಂಗಿಯೇ ಆದ,
ಉಮಾಶ್ರೀ

ಮರೆತಿದ್ದು: ಮರೆತಿದ್ದಲ್ಲ, ಬರೆಯಲೋ ಬೇಡವೋ ಎಂದು ಉಳಿಸಿಕೊಂಡಿದ್ದು. ಅಕ್ಕ, ಆ ಮಧ್ಯಾಹ್ನ ನೀವು ಮನೆಯಲ್ಲೇ ಇರಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಇಂದ್ರಮ್ಮನವರ ಗೃಹಪ್ರವೇಶಕ್ಕೆ ಹೋಗಿದ್ದಿರಿ. ಒಲೆಯ ಮುಂದಿದ್ದೆ ಎಂದು ಎಲ್ಲರಿಗೂ ಹೇಳಿದಿರಿ, ಆದರೆ ಆಸ್ಪತ್ರೆಗೆ ಬಂದಾಗ ರೇಷ್ಮೆ ಸೀರೆ ಉಟ್ಟು ತಾಂಬೂಲದ ಚೀಲ ಹಿಡಿದಿದ್ದಿರಿ. ನಾನು ಕೈ ಎತ್ತಿದಾಗ ಪರದೆಯ ಮೇಲಿದ್ದವರು ಭಾವ. ತಟ್ಟೆ ಹಿಡಿದು ಅಲ್ಲೇ ಕೂತು ಉಣ್ಣುತ್ತಿದ್ದರು. ಯಾರೂ ಗದರಿಸಲಿಲ್ಲ, ಅವರಾಗಿಯೇ ಎದ್ದು ಓಡಿದರು. ಅವರ ಮರ್ಯಾದೆ ಉಳಿಸಲು ನೀವು ಕಥೆ ಕಟ್ಟಿದಿರಿ. ಇರಲಿ, ಕಥೆ ಚೆನ್ನಾಗಿಯೇ ಇದೆ.

ಅದು ಮೊದಲ ದಿನವೂ ಅಲ್ಲ. ದೀಪಾವಳಿ ಕಳೆದ ಮೇಲೆ ಊಟಕ್ಕೆ ಬಂದಾಗಲೆಲ್ಲ, ನೀವು ಒಳಗೆ ಮಲಗಿರುವಾಗ, ಅವರು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಟಿ.ವಿ.ಯಲ್ಲಿ ಕಾಣುವವರಿಗೆ ನಾವು ಕಾಣುವುದಿಲ್ಲವಲ್ಲ, ಇದೂ ಹಾಗೆಯೇ ಎಂದುಕೊಂಡಿದ್ದರು. ನಾನು ಕಣ್ಣು ಅರೆಮುಚ್ಚಿ ನಿದ್ದೆ ನಟಿಸುತ್ತಿದ್ದೆ. ಜಗಳದ ಕಾರಣ ನಾನು ಕೇಳಲಿಲ್ಲ ಎಂದು ಮೇಲೆ ಬರೆದೆ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. "ಕಿವಿ ಕೇಳ್ದೋಳನ್ನ ತಂದು, ಹುಟ್ಟೋ ಮಕ್ಳೂ ಹಂಗೇ ಆದ್ರೆ?" ಎಂದು ಮದುವೆಯ ಮಾತುಕತೆಯ ದಿನ ಅವರು ಅಂದದ್ದನ್ನು ಹಜಾರದ ಆ ತುದಿಯಿಂದ ನಾನು ತುಟಿಯಲ್ಲಿ ಓದಿದ್ದೆ.

ಒಂದು ದಿನ ಅವರು ಪರದೆಗೆ ತೀರಾ ಹತ್ತಿರ ಬಂದರು. ಆ ದಿನ ಚಿತ್ರ ತಡವರಿಸಲಿಲ್ಲ. "ಅವತ್ತು ನಾನು ಹಂಗ್ ಅನ್ಬಾರ್ದಿತ್ತವ್ವ, ತಪ್ಪಾಯ್ತು" ಎಂದು ನಿದ್ದೆ ಮಾಡುತ್ತಿದ್ದ ನನಗೆ ಹೇಳಿ, ಸುತ್ತ ನೋಡಿ, ಎದ್ದು ಅಂಗಡಿಗೆ ಹೋದರು. ನಾನು ಅಲ್ಲಿಗೆ ಬಂದಾಗ ಅವರು ಅದನ್ನು ಮತ್ತೆ ಹೇಳುವುದು ಬೇಡ. ನನಗೆ ಕೇಳಿಸಿತು ಎಂದು ಮಾತ್ರ ನೀವು ತಿಳಿಸಿ.