ಬಣ್ಣ ನಿಲ್ಲಬಾರದು

ಟ್ರೋಲ್‌ಹೆಟ್ಟನ್, 2011

ಜೂನ್ 14, ಬೆಳಿಗ್ಗೆ 7

ಪಂಪುಗಳು ಸರಿ. ಬಿಳಿ, ಕಪ್ಪು, ಬೂದು ಬಣ್ಣ ಕೊಳವೆಗಳಲ್ಲಿ ತಿರುಗುತ್ತಿವೆ. ಕೆಂಪಿನ ಕೊಳವೆಯಲ್ಲಿ ಒತ್ತಡ ಕಡಿಮೆ. ನನ್ನ ಜೊತೆ ಕೆಲಸ ಮಾಡುವ ಎನಿಸಾ ಸೋಸುವ ಜಾಲರಿ ಬಿಚ್ಚಿ ತೊಳೆದಳು.

ಕಾರ್ಖಾನೆಯಲ್ಲಿ ಬಳಿಯಲು ಕಾರಿಲ್ಲ. ಬಿಡಿಭಾಗದ ಲಾರಿಗಳು ಬರುವುದು ನಿಂತಿದೆ, ಮೂರು ಸಾವಿರ ಜನ ಮನೆಯಲ್ಲಿ. ಬಣ್ಣದ ವಿಭಾಗದಲ್ಲಿ ನಾವು ನಾಲ್ವರೇ. ಬಣ್ಣ ನಿಂತರೆ ಕೊಳವೆಯೊಳಗೇ ಕಲ್ಲಾಗುತ್ತದೆ, ಆಮೇಲೆ ಎಲ್ಲ ಕಿತ್ತೆಸೆಯಬೇಕು. ಅದಕ್ಕೇ ಹಗಲೂ ರಾತ್ರಿ ತಿರುಗುತ್ತಿರಬೇಕು. ನಾವು ಕಾವಲು.

ಕ್ಯಾಂಟೀನ್ ಮುಚ್ಚಿದೆ. ಎನಿಸಾ ಸೊಪ್ಪು ತುಂಬಿದ ಸುರುಳಿ ರೊಟ್ಟಿ ತಂದಿದ್ದಳು, ಅವಳ ಬೋಸ್ನಿಯಾದ ಅಡುಗೆ. ನನ್ನ ಪಾಲು ದೊಡ್ಡದು. ಯಾವಾಗಲೂ ಹಾಗೇ ಮಾಡುತ್ತಾಳೆ.

ಜುಲೈ 4

ಕಾರ್ಖಾನೆ ಇಪ್ಪತ್ತು ವರ್ಷ ಅಮೆರಿಕದವರದು. ಹೋದ ವರ್ಷದಿಂದ ಡಚ್ಚರದು. ಈಗ ಚೀನಾದವರು ಕೊಳ್ಳುತ್ತಾರಂತೆ. ಪಕ್ಕದ ಮನೆ ಬೆಕ್ಕೂ ಇಷ್ಟು ಯಜಮಾನರನ್ನು ಕಂಡಿಲ್ಲ ಅಂದ ಅಲ್ವಾರ್. ಗಂಡನ ಜೋಕಿಗೆ ನಗು ಬರಲಿಲ್ಲ. ಪಿಂಚಣಿ ಬರುವವನಿಗೆ ಜೋಕು ಸಲೀಸು.

ಸೆಪ್ಟೆಂಬರ್ 20

ಚೀನಾದವರು ಬಂದಿದ್ದರು. ಏಳು ಜನ. ಆರು ಮಂದಿ ಫೋಟೋ ತೆಗೆದರು. ಬೂದು ಕೋಟಿನ ಹಿರಿಯನೊಬ್ಬ ಮಾತ್ರ ಪಂಪಿಗೆ ಕಿವಿ ಕೊಟ್ಟು ನಿಂತ — ವೈದ್ಯರು ಎದೆಗೆ ಕಿವಿ ಇಡುವಂತೆ. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಂತ ದುಭಾಷಿಯ ಮೂಲಕ ಕೇಳಿದ. ಮೂವತ್ತೊಂದು ಅಂದೆ. ಅವನು ಏನೋ ಹೇಳಿದ. ದುಭಾಷಿ ಹುಡುಗಿ ನನ್ನ ಕಡೆ ತಿರುಗಿ, "ನೀವಿಲ್ದಿದ್ರೆ ನಾವು ಬರೀ ಗೋಡೆ ಕೊಂಡ ಹಾಗೆ ಅಂತಿದ್ದಾರೆ" ಅಂದಳು.

ಮನೆಗೆ ಬರುವಾಗ ಸೈಕಲ್ ಮೇಲೆ ಹಾಡಿಕೊಂಡೆ. ಐವತ್ತಾರು ವರ್ಷ ನನಗೆ!

ಅಕ್ಟೋಬರ್ 31

ಎನಿಸಾಗೆ ನಾರ್ವೆಯಲ್ಲಿ ಕೆಲಸ ಸಿಕ್ಕಿದೆ. ಹಡಗುಗಳಿಗೆ ಬಣ್ಣ. ಕಾಯಂ. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಜಾಲರಿ ತೊಳೆಯುತ್ತಾ, ತಲೆ ಎತ್ತದೆ ಕೇಳಿದಳು: "ನೀನು ಹೇಳು. ಹೋಗ್ಲಾ?"

ವಿಚಾರಿಸಿ ಹೇಳುತ್ತೇನೆ ಅಂದೆ. ನಮ್ಮ ಮೇಲಿನವನು ರಾಗ್ನ್‌ವಾಲ್ಡ್. ಒಪ್ಪಂದ ಆಗಿಹೋಗಿದೆ, ಸಹಿಯ ಮಸಿ ಒಣಗುವುದೊಂದೇ ಬಾಕಿ ಅಂದ. ಅವನಿಗೂ ಹಾಗೇ ನಂಬಿಕೆ. ಸುಳ್ಳು ಹೇಳುವವನಲ್ಲ.

ನವೆಂಬರ್ 3

ಹೋಗಬೇಡ ಅಂದೆ. ಅವರು ಬರುತ್ತಾರೆ, ಬಂದ ದಿನ ಮೊದಲು ಬೇಕಾಗುವುದು ನಾವೇ ಅಂದೆ. ಬೂದು ಕೋಟಿನವನ ಮಾತನ್ನೂ ಹೇಳಿದೆ. ಅವಳು ಅಲ್ಲೇ ನಿಂತು ನಾರ್ವೆಗೆ ಫೋನ್ ಮಾಡಿ ಬೇಡ ಅಂದಳು.

ಇಲ್ಲಿ ಬರೆದಿಡುತ್ತೇನೆ, ಬೇರೆಲ್ಲೂ ಹೇಳಲಾರೆ. ಅವಳು ಹೋದರೆ ಆ ಪಂಪುಗಳ ಸದ್ದಿನ ನಡುವೆ ನಾನೊಬ್ಬಳೇ ಅಂತ ಭಯವಾಯಿತು. ಅರ್ಧ ಮಾತು ಆ ಭಯದ್ದು.

ನವೆಂಬರ್ 8

ಹಳೆಯ ಅಮೆರಿಕದವರು ಈ ಮಾರಾಟಕ್ಕೆ ಒಪ್ಪುವುದಿಲ್ಲವಂತೆ. ಕಾರಿನ ನಕ್ಷೆ, ತಂತ್ರ ಇನ್ನೂ ಅವರ ಕೈಯಲ್ಲೇ. ಮನೆ ಮಾರಿದ ಮೇಲೂ ಬಾವಿಯ ಹಕ್ಕು ಇಟ್ಟುಕೊಂಡ ಹಾಗೆ. ಅವರು ಬೇಡ ಅಂದರೆ ಚೀನಾದವರಿಗೆ ಸಿಗುವುದು ಗೋಡೆಯೇ.

ಎನಿಸಾ ರೇಡಿಯೋ ಕೇಳಿದಳು. ಆರಿಸಿ ಜಾಲರಿ ತೊಳೆಯಲು ಹೋದಳು.

ಡಿಸೆಂಬರ್ 13

ಲೂಸಿಯಾ ಹಬ್ಬ, ದೀಪ ಹಿಡಿದು ಹಾಡುವ ದಿನ. ಕೇಸರಿ ಬನ್ ಒಯ್ದೆ. ಹಾಡಲು ಯಾರೂ ಬರಲಿಲ್ಲ. ಪಂಪುಗಳು ಸರಿ.

ಡಿಸೆಂಬರ್ 19

ದಿವಾಳಿ. ಕೋರ್ಟಿಗೆ ಅರ್ಜಿ ಹಾಕಿದ್ದು ನಮ್ಮವರೇ. ನಮಗೆ ಗೊತ್ತಾಗಿದ್ದು ರೇಡಿಯೋದಿಂದ.

ಡಿಸೆಂಬರ್ 22

ಮೊನ್ನೆ ಕೋರ್ಟಿನ ಕಡೆಯವನೊಬ್ಬ ಬಂದ. ಬಣ್ಣ ಬಸಿದು ಡ್ರಮ್ಮಿಗೆ ತುಂಬಿ, ಕೊಳವೆ ತೊಳೆದು, ನಿಲ್ಲಿಸಿ ಅಂದ. ಮರ್ಯಾದೆಯಿಂದಲೇ ಹೇಳಿದ. ಎರಡು ದಿನ ಹಿಡಿಯಿತು. ಇವತ್ತು ಕೊನೆಯ ಸ್ವಿಚ್.

ಎನಿಸಾ, "ನಾನು ಆರಿಸ್ತೀನಿ. ನೀನು ಆಚೆ ಹೋಗು" ಅಂದಳು.

ಹೋಗಲಿಲ್ಲ. ಸದ್ದು ನಿಂತಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಕಟ್ಟಡದಲ್ಲಿ ನನ್ನ ಹೆಜ್ಜೆ ನನಗೆ ಕೇಳಿಸಿತು. ಎನಿಸಾ ಕೈ ತೊಳೆಯುತ್ತಲೇ ಇದ್ದಳು — ಉಗುರು, ಮಣಿಕಟ್ಟು, ಮತ್ತೆ ಉಗುರು.

2012

ಜನವರಿ 9

ಅಂಗಡಿಯಲ್ಲಿ ಎನಿಸಾ ಸಿಕ್ಕಳು. ನಾರ್ವೆಗೆ ಫೋನ್ ಮಾಡಿದ್ದಳಂತೆ. ಆ ಜಾಗಕ್ಕೆ ನವೆಂಬರಿನಲ್ಲೇ ಬೇರೆಯವರು ಬಂದಿದ್ದಾರೆ. ಹಾಲಿನ ಪೊಟ್ಟಣ ಹಿಡಿದು, ಹವಾಮಾನ ಹೇಳುವ ಹಾಗೆ ಹೇಳಿದಳು. ತಪ್ಪು ನನ್ನದು ಅಂದೆ. "ಕಾರ್ಖಾನೆ ಮುಚ್ಚೋದು ನಾನು ಮೊದಲೂ ನೋಡಿದೀನಿ, ಬೋಸ್ನಿಯಾದಲ್ಲಿ. ಆಗ ತಪ್ಪು ನನ್ನದು ಅನ್ನೋಕೂ ಯಾರೂ ಇರ್ಲಿಲ್ಲ" ಅಂದು ನನ್ನ ತೋಳು ಮುಟ್ಟಿ ಹೊರಟಳು.

ಬೈದಿದ್ದರೆ ಚೆನ್ನಾಗಿತ್ತು.

ಜೂನ್ 15

ಐದು ತಿಂಗಳಿಂದ ಬರೆದಿಲ್ಲ. ಬರೆಯಲು ಏನಿತ್ತು.

ಕಾರ್ಖಾನೆ ಮತ್ತೆ ಮಾರಾಟವಾಗಿದೆ. ಈ ಸಲದವರು ವಿದ್ಯುತ್ ಕಾರು ಮಾಡುತ್ತಾರಂತೆ. ಬೆಳಿಗ್ಗೆ ರಾಗ್ನ್‌ವಾಲ್ಡ್ ಫೋನ್ ಮಾಡಿದ. ಕೊಳವೆಗಳನ್ನು ಬಲ್ಲವರು ಒಬ್ಬರು ಬೇಕು, ಸೋಮವಾರದಿಂದ ಮೂರು ವಾರಕ್ಕೆ. ಒಬ್ಬರೇ. ಮುಂದಿನದು ಅವನಿಗೂ ಗೊತ್ತಿಲ್ಲ. ಎನಿಸಾಳನ್ನು ಕರಿ ಅಂದೆ. ನಿನ್ನಷ್ಟು ವರ್ಷ ಅವಳು ಮಾಡಿಲ್ಲವಲ್ಲ ಅಂದ. ನನಗಿಂತ ಚೆನ್ನಾಗಿ ಬಲ್ಲಳು ಅಂದೆ. ಪೂರ್ತಿ ನಿಜವಲ್ಲ. ಅಲ್ವಾರ್ ಕಾಫಿ ಬಟ್ಟಲಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ.

ಅವಳ ಮನೆಗೆ ಹೋದೆ. ವೃದ್ಧಾಶ್ರಮದ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಕೂರದೆ ಕೇಳಿಸಿಕೊಂಡಳು.

"ಮೂರು ವಾರ ಆದ್ಮೇಲೆ?"

"ಗೊತ್ತಿಲ್ಲ."

"ಅಲ್ಲಿ ಅಜ್ಜಿಯರಿಗೆ ಸ್ನಾನ ಮಾಡಿಸ್ತೀನಿ. ಸೋಮವಾರ ಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ತಗೋತಾರೆ."

ಶೂ ಬಿಚ್ಚಿ ಗೋಡೆ ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಿಜವಾಗಿಯೇ ಕೇಳಿದಳು.

"ನೀನೇನಂತೀಯ, ಗುನ್ವೋರ್?"

ನಾನು ಹೇಳಿದ್ದು ಇಷ್ಟೇ: "ಹೋದ ಸಲ ನಾನು ಹೇಳಿದ್ರಲ್ಲಿ ಅರ್ಧ ನನ್ನ ಭಯ ಇತ್ತು, ಈ ಸಲ ನೀನೇ ಹೇಳು."