ಎರಡನೇ ಕೋಟು ಸುಣ್ಣ

೧೮ ಜನವರಿ ೧೯೭೨, ಬೆಳಿಗ್ಗೆ
ಕೈಯೆಲ್ಲ ನೀಲಿ. ರಾಜಾಜಿನಗರದ ಗೋಡೆಗಳೆಲ್ಲ ಮುಗಿದವು. ‘ನಿಮ್ಮ ಮತ ಮುನಿರಾಜುವಿಗೆ.’ ಬ್ಯಾಡರಹಳ್ಳಿಯಲ್ಲಿ ನಾಲ್ಕನೇ ಕ್ಲಾಸು ಓದಿದವನ ಅಕ್ಷರ — ಇಷ್ಟು ದುಂಡಗೆ ಬರೆಯುವ ಗಂಡು ಇನ್ನೂ ಹುಟ್ಟಿಲ್ಲ. ಎದುರು ಪಕ್ಷದವನ ಮಾವನ ಕಾಂಪೌಂಡನ್ನೂ ಬಿಡಲಿಲ್ಲ! ಮಿಲ್ಲಿನ ಜೊತೆಗಾರ ಕೃಷ್ಣಯ್ಯ ನಕ್ಕಿದ್ದೇ ನಕ್ಕಿದ್ದು.
“ಮಾವ, ಟಿಕೆಟ್ಟೇ ಇನ್ನೂ ಬಂದಿಲ್ವಲ್ಲ!”
“ಇಪ್ಪತ್ತು ವರ್ಷ ಬಾವುಟ ಹೊತ್ತೋನಿಗೆ ಕೊಡ್ದೆ ಇನ್ಯಾರಿಗೆ ಕೊಡ್ತಾರೋ? ಮೊದ್ಲು ಗೋಡೆ ಹಿಡೀಬೇಕು ಕಣೋ.”

೨ ಫೆಬ್ರವರಿ
ಟಿಕೆಟ್ ವಕೀಲ ಚಕ್ರಪಾಣಿಗೆ. ಇಂಗ್ಲಿಷ್ ಬರುತ್ತದಂತೆ, ಅಸೆಂಬ್ಲಿಗೆ ಬೇಕಂತೆ. ಅವರೇ ಬಂದು ಕೈ ಹಿಡಿದರು.
“ಮುನಿರಾಜು ಅವರೇ, ನಿಮ್ಮ ಹಾಗೆ ಗೋಡೆ ಬರೆಯೋರು ಪಕ್ಷದಲ್ಲಿ ಯಾರಿದ್ದಾರೆ? ನನ್ನ ಹೆಸರೂ ನೀವೇ ಬರೀಬೇಕು.”
ಆಗಲಿ ಸಾರ್ ಎಂದೆ. ಮನೆಗೆ ಬಂದು ಯಾರ ಹತ್ತಿರ ಬೈಯಲಿ? ಹೆಂಡತಿ ಲಕ್ಷ್ಮಿದೇವಮ್ಮ ಬದುಕಿದ್ದಿದ್ದರೆ ನನ್ನನ್ನೂ ಸೇರಿಸಿ ಬೈಯುತ್ತಿದ್ದಳು. ಅನ್ನ ಮಾಡಿದೆ. ಉಣ್ಣಲಿಲ್ಲ.

೭ ಫೆಬ್ರವರಿ
ಕೃಷ್ಣಯ್ಯ ಬಂದಿದ್ದ.
“ಸ್ವತಂತ್ರವಾಗಿ ನಿಂತ್ಕೊ ಮಾವ. ಗೋಡೆ ಎಲ್ಲಾ ನಿಂದೇ, ಮಿಲ್ಲಿನ ಹುಡುಗರೂ ನಿನ್ನೋರೇ. ನಾಳೆ ಮೂರಕ್ಕೆ ನಾಮಿನೇಷನ್ ಕೊನೆ. ಕಚೇರಿ ಬಾಗ್ಲಲ್ಲಿ ಕಾಯ್ತಿರ್ತೀವಿ.”
ಆಸೆ ಆಯಿತು, ಸುಳ್ಳೇಕೆ. ನಾನು ನಿಂತರೆ ವಕೀಲರಿಗೆ ಡಿಪಾಜಿಟ್ಟೂ ಉಳಿಯದು. ಆದರೆ ಓಟು ಒಡೆದರೆ ಗೆಲ್ಲುವವನು ನಾನಲ್ಲ — ಎದುರು ಪಕ್ಷದ ಅಭ್ಯರ್ಥಿ, ನಮ್ಮ ಮಿಲ್ ಮಾಲೀಕನ ಭಾವಮೈದ. ಅವನು ಗೆದ್ದರೆ ಯೂನಿಯನ್ನಿಗೆ ಬೀಗ.

೮ ಫೆಬ್ರವರಿ, ಸಂಜೆ
ಹೋಗಲಿಲ್ಲ. ಬೆಳಗಿನಿಂದ ಒಬ್ಬನೇ ಸುಣ್ಣ ಬಳಿದೆ. ಒಂದೇ ಕೋಟು ಸುಣ್ಣಕ್ಕೆ ನೀಲಿ ಹೋಗುವುದಿಲ್ಲ. ಒಣಗುತ್ತಿದ್ದಂತೆ ಮುನಿರಾಜು ಮತ್ತೆ ಎದ್ದು ಕೂರುತ್ತಾನೆ. ಭಂಡ! ಎರಡನೇ ಕೋಟು ಹೊಡೆದೆ. ಮಿಲ್ಲಿನ ಗೋಡೆಯ ಹತ್ತಿರ ಇದ್ದಾಗ ಮೂರರ ಸೈರನ್ ಆಯಿತು.
ಆಮೇಲೆ ಕೃಷ್ಣಯ್ಯ ಸೈಕಲ್ಲಿನಲ್ಲಿ ಬಂದ. ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ ಗೋಡೆ ನೋಡಿದ.
“ಅಷ್ಟು ಜನ ಕಾದ್ವಿ ಮಾವ. ನೀನು ಇಲ್ಲಿ ವಕೀಲನಿಗೆ ಸುಣ್ಣ ಬಳೀತಿದೀಯ.”
“ವಕೀಲನಿಗಲ್ಲ ಕಣೋ, ಯೂನಿಯನ್ನಿಗೆ. ಬಾ, ಟೀ ಕುಡಿಯೋಣ.”
ಪೆಡಲ್ ತುಳಿದ. ಕೂಗಿದೆ. ತಿರುಗಲಿಲ್ಲ.
ಗೋಡೆ ಒಣಗುವವರೆಗೆ ಕೂತಿದ್ದೆ. ಶಿಫ್ಟು ಬಿಟ್ಟ ಹುಡುಗರು ಮಾತಾಡಿಸದೆ ಹೋದರು. ಬ್ರಷ್ ಅದ್ದಿದೆ. ‘ಚ’ ಬರೆದೆ. ದುಂಡಗೇ ಬಂತು, ನಾನೇನು ಸಾಮಾನ್ಯನೇ... ‘ಕ್ರ’ ಬರೆದೆ. ಆಮೇಲೆ ‘ಪಾಣಿ’ಯನ್ನೂ ಬರೆದೆ, ಅದು ಮಾತ್ರ ದುಂಡಗೆ ಬರಲಿಲ್ಲ.